ತಿಂಗಳ ಕೊನೆಯ ಪುಟದಲ್ಲಿ ಏನು ಬರೆಯಬೇಕು?

ಪ್ರಶ್ನೆ: ದಾವಣಗೆರೆಯಲ್ಲಿ ರಟ್ಟಿನ ಪೆಟ್ಟಿಗೆ ತಯಾರಿಸುವ ಸಣ್ಣ ಘಟಕ ನಡೆಸುತ್ತಿದ್ದೇನೆ. ಬೇಕರಿಗಳು, ಸಿಹಿತಿಂಡಿ ಅಂಗಡಿಗಳು, ಊದುಬತ್ತಿ ಪ್ಯಾಕ್ ಮಾಡುವವರು ನನ್ನ ಹಳೆಯ ಗಿರಾಕಿಗಳು. ವ್ಯಾಪಾರ ಬೆಳೆಯಲು ನೆಟ್‌ವರ್ಕಿಂಗ್ ಬೇಕು ಎಂದು ಎಲ್ಲರೂ ಹೇಳಿದ್ದರಿಂದ ಕಳೆದ ವರ್ಷ ವಾಣಿಜ್ಯ ಸಂಸ್ಥೆಯ ಸದಸ್ಯಳಾದೆ, ಮಹಿಳಾ ಉದ್ಯಮಿಗಳ ಸಂಘ ಸೇರಿದೆ, ವಾರಕ್ಕೊಮ್ಮೆ ಬೆಳಗಿನ ತಿಂಡಿಗೆ ಸೇರಿ ಒಬ್ಬರಿಗೊಬ್ಬರು ಗಿರಾಕಿ ತೋರಿಸಿಕೊಡುವ ಒಂದು ರೆಫರಲ್ ಗುಂಪಿಗೂ ಹಣ ಕಟ್ಟಿದೆ. ವಾಟ್ಸ್‌ಆ್ಯಪ್ ಗುಂಪುಗಳಿಗಂತೂ ಲೆಕ್ಕವಿಲ್ಲ. ಯಾರನ್ನು ಭೇಟಿಯಾದೆ, ಏನು ಕಲಿತೆ, ಮುಂದಿನ ತಿಂಗಳ ಗುರಿ ಏನು ಎಂದು ಪ್ರತಿ ತಿಂಗಳ ಕೊನೆಗೆ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಆದರೆ ಅವೇ ಗುರಿಗಳು ತಿಂಗಳಿಂದ ತಿಂಗಳಿಗೆ ಸಾಗುತ್ತಿವೆ. ಮೂರು ತಿಂಗಳ ಪುಟಗಳ ಪ್ರತಿಯನ್ನೂ ಸಭೆಯಲ್ಲಿ ಹೇಳುವ ನನ್ನ ಪರಿಚಯ ಭಾಷಣವನ್ನೂ ಕಳಿಸಿದ್ದೇನೆ. ಎಲ್ಲಿ ಎಡವುತ್ತಿದ್ದೇನೆ? ರೆಫರಲ್ ಗುಂಪಿನ ಶುಲ್ಕ ಮತ್ತೆ ಕಟ್ಟುವ ಸಮಯ ಬಂದಿದೆ, ಕಟ್ಟಲೇ, ಬಿಡಲೇ? ಸಭೆಯಲ್ಲಿ ಎದ್ದು ನಿಂತು ನನ್ನ ಬಗ್ಗೆ ಹೇಳಿಕೊಳ್ಳಲು ಈಗಲೂ ಮುಜುಗರವಾಗುತ್ತದೆ. ಅದಕ್ಕೂ ಏನಾದರೂ ಹೇಳಿ.

ಉತ್ತರ: ನಿಮ್ಮ ಮೂರೂ ಪುಟಗಳನ್ನು ಓದಿದೆ. ತಿಂಗಳು ತಪ್ಪಿಸದೆ ಬರೆದಿದ್ದೀರಿ. ಅದು ಸಣ್ಣ ಮಾತಲ್ಲ. ಆದರೆ ಎರಡನೆಯ ಪುಟದ ಅಡಿಯಲ್ಲಿ, ಅಂಚಿಗೆ ಒತ್ತಿ, ಜಾಗವಿಲ್ಲದೆ ತುರುಕಿದಂತೆ ಒಂದು ಸಾಲಿದೆ: ‘ರಾಣೆಬೆನ್ನೂರು ಬೀಜದವರು 5 ಪ್ಲೈ (ಐದು ಪದರದ ರಟ್ಟು) ಮಾದರಿ ಕೇಳಿದರು, ಕಳಿಸಬೇಕು.’ ಮೂರನೆಯ ಪುಟದಲ್ಲಿ ಆ ಬೀಜದವರ ಸುಳಿವೇ ಇಲ್ಲ. ಮಾದರಿ ಹೋಯಿತೇ, ಅವರು ಏನೆಂದರು, ಅವರ ಹೆಸರೇನು, ಯಾವುದೂ ಇಲ್ಲ. ಅದೇ ಮೂರನೆಯ ಪುಟದ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ, ಅಡಿಗೆರೆ ಎಳೆದು, ‘ಸಂಪರ್ಕ ಹೆಚ್ಚಿಸಿಕೊಳ್ಳಬೇಕು’ ಎಂದು ಬರೆದಿದ್ದೀರಿ.

ಮನೆ ಬಾಗಿಲಿಗೆ ಬಂದು ನಿಂತ ಸಂಪರ್ಕವನ್ನು ಅಂಚಿಗೆ ಸರಿಸಿ, ಇನ್ನೂ ಬಾರದ ಸಂಪರ್ಕಕ್ಕೆ ಕೆಂಪು ಶಾಯಿ ಖರ್ಚು ಮಾಡಿದ್ದೀರಿ. ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ಸಣ್ಣ ಉದ್ಯಮಿಗಳು ತೋರಿಸುವ ಇಂಥ ನೋಟ್‌ಬುಕ್‌ಗಳಲ್ಲಿ ಹತ್ತಕ್ಕೆ ಎಂಟು ಹೀಗೆಯೇ ಇರುತ್ತವೆ. ಪುಟದ ತುಂಬ ಬರೆದವರೇ ಇರುತ್ತಾರೆ. ‘ನಾನು ಹೆಚ್ಚು ಧೈರ್ಯವಾಗಿ ಮಾತನಾಡಬೇಕು’, ‘ಪ್ರೇರಣೆಯ ಭಾಷಣ ಮನಸ್ಸಿಗೆ ತಟ್ಟಿತು’, ‘12 ವಿಸಿಟಿಂಗ್ ಕಾರ್ಡ್ ಸಿಕ್ಕವು’, ‘ವಹಿವಾಟು ದುಪ್ಪಟ್ಟಾಗಬೇಕು’. ಇವೆಲ್ಲ ನಿಮ್ಮ ಪುಟದ ಸಾಲುಗಳೇ. ಇಷ್ಟರಲ್ಲಿ ಬೇರೆಯವರು ಎಲ್ಲಿದ್ದಾರೆ? ಆ ಹನ್ನೆರಡು ಕಾರ್ಡುಗಳ ಪೈಕಿ ಒಬ್ಬರ ಹೆಸರೂ ಪುಟದಲ್ಲಿಲ್ಲ. ತಿಂಗಳ ಕೊನೆಯ ಪುಟದಲ್ಲಿ ಇರಬೇಕಾದದ್ದು ಮುಖ್ಯವಾಗಿ ಒಂದೇ: ಯಾರ ಜೊತೆಗಿನ ಮಾತು ಎಲ್ಲಿಗೆ ಬಂದು ನಿಂತಿದೆ, ಮುಂದಿನ ಹೆಜ್ಜೆ ಯಾರದು, ಯಾವ ದಿನ. ಉಳಿದದ್ದು ದಿನಚರಿ. ದಿನಚರಿ ಬರೆಯಬಾರದು ಎಂದಲ್ಲ, ಅದಕ್ಕೆ ಬೇರೆ ಪುಸ್ತಕ ಇಡಿ.

ಎಷ್ಟು ಜನರನ್ನು ಪರಿಚಯ ಮಾಡಿಕೊಳ್ಳಬೇಕು ಎನ್ನುವ ಮೊದಲು ಎಲ್ಲಿಯವರನ್ನು ಎಂದು ಕೇಳಿಕೊಳ್ಳಿ. ನಿಮ್ಮ ಕಸುಬಿನಲ್ಲಿ ಇದು ಬಹಳ ಮುಖ್ಯ, ಆದರೆ ನೆಟ್‌ವರ್ಕಿಂಗ್ ಬಗ್ಗೆ ಭಾಷಣ ಮಾಡುವವರು ಯಾರೂ ಹೇಳುವುದಿಲ್ಲ. ರಟ್ಟಿನ ಪೆಟ್ಟಿಗೆ ತೂಕದಲ್ಲಿ ಹಗುರ, ಗಾತ್ರದಲ್ಲಿ ದೊಡ್ಡದು. ಮಡಚಿ ಕಟ್ಟಿದರೂ ಲಾರಿ ತುಂಬುತ್ತದೆ, ತೂಕ ಮಾತ್ರ ಬರುವುದಿಲ್ಲ. ಹಾಗಾಗಿ ಸಾಗಣೆ ವೆಚ್ಚ ಲಾಭವನ್ನು ಬೇಗ ನುಂಗುತ್ತದೆ, ದೂರದ ಗಿರಾಕಿಗೆ ಅವರ ಊರಿನ ಪೆಟ್ಟಿಗೆಯೇ ಅಗ್ಗವಾಗುತ್ತದೆ. ಬೆಂಗಳೂರಿನ ಹೋಟೆಲಿನಲ್ಲಿ ನಡೆದ ಸಮಾವೇಶಕ್ಕೆ ಹೋಗಿ ಬಂದಿದ್ದನ್ನು ಮೊದಲ ಪುಟದಲ್ಲಿ ಸಂತೋಷದಿಂದ ಬರೆದಿದ್ದೀರಿ. ಕಾಗದದ ಗಿರಣಿಯವರು, ಯಂತ್ರ ಮಾರುವವರು, ಹೊಸ ವಿಚಾರ ಹೇಳುವವರು ಅಲ್ಲಿ ಸಿಗಬಹುದು. ಆದರೆ ಪೆಟ್ಟಿಗೆ ಕೊಳ್ಳುವವರು ಅಲ್ಲಿ ಸಿಕ್ಕರೆ ಅದು ಅದೃಷ್ಟ. ನಿಮ್ಮ ಗಿರಾಕಿ ಇರುವುದು ಹರಿಹರದಲ್ಲಿ, ರಾಣೆಬೆನ್ನೂರಿನಲ್ಲಿ, ಬ್ಯಾಡಗಿ, ಹಾವೇರಿ, ಚಿತ್ರದುರ್ಗ, ಚನ್ನಗಿರಿ, ಶಿವಮೊಗ್ಗದ ಕಡೆ. ಅಂದರೆ ಬೆಳಿಗ್ಗೆ ತಿಂಡಿ ತಿಂದು ಹೊರಟು ಮಧ್ಯಾಹ್ನದ ಶಿಫ್ಟಿಗೆ ವಾಪಸು ಬರಬಹುದಾದಷ್ಟು ದೂರದಲ್ಲಿ. ರಾಣೆಬೆನ್ನೂರು ಸುತ್ತಮುತ್ತ ಹೈಬ್ರಿಡ್ ಬೀಜೋತ್ಪಾದನೆ ಎಷ್ಟು ದೊಡ್ಡದು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅಲ್ಲಿಂದ ಹೊರಡುವ ಪ್ರತಿ ಬೀಜದ ಪೊಟ್ಟಣವೂ ಕೊನೆಗೆ ಒಂದು ಪೆಟ್ಟಿಗೆಯೊಳಗೆ ಕೂರಲೇಬೇಕು.

ಇನ್ನು ಹೊಸಬರೋ ಹಳಬರೋ ಎಂಬ ಪ್ರಶ್ನೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಬಾಸ್ಟನ್ ಬಳಿಯ ನ್ಯೂಟನ್ ಪಟ್ಟಣದಲ್ಲಿ, ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಕೇಳಿ 1973ರಲ್ಲಿ ಪ್ರಕಟಿಸಿದ ಫಲಿತಾಂಶ ಇಂದಿಗೂ ಚರ್ಚೆಯಲ್ಲಿದೆ. ಕೆಲಸದ ಸುದ್ದಿ ಕೊಟ್ಟವರಲ್ಲಿ ಆಗಾಗ ಭೇಟಿಯಾಗುವ ಆಪ್ತರು ಶೇ 16.7 ಮಾತ್ರ. ಅಪರೂಪಕ್ಕೊಮ್ಮೆ ಕಾಣುವವರು ಶೇ 27.8. ಅರ್ಧಕ್ಕಿಂತ ಹೆಚ್ಚು, ಶೇ 55.6ರಷ್ಟು, ಈ ಎರಡರ ನಡುವಿನವರು: ಆಗೊಮ್ಮೆ ಈಗೊಮ್ಮೆ ಸಿಗುವ ಪರಿಚಿತರು. ಆಪ್ತರಿಗೆ ಗೊತ್ತಿರುವುದು ಸಾಮಾನ್ಯವಾಗಿ ನಮಗೂ ಗೊತ್ತಿರುತ್ತದೆ. ದೂರದ ಪರಿಚಿತರು ಬೇರೆ ಬಳಗದಲ್ಲಿ ಓಡಾಡುವುದರಿಂದ ಬೇರೆ ಸುದ್ದಿ ತರುತ್ತಾರೆ. ಆತ ಕೇಳಿದ್ದು ಕೆಲವೇ ಹತ್ತಾರು ಜನರನ್ನು, ಅದೂ ನೌಕರಿಯ ವಿಚಾರದಲ್ಲಿ. ಆದರೆ 2022ರಲ್ಲಿ ಲಿಂಕ್ಡ್‌ಇನ್ ಜಾಲದ ಎರಡು ಕೋಟಿ ಜನರ ಮಾಹಿತಿ ಇಟ್ಟುಕೊಂಡು ನಡೆದ ಅಧ್ಯಯನವೂ ಇದೇ ದಿಕ್ಕು ತೋರಿಸಿತು. ತೀರಾ ಆಪ್ತರೂ ಅಲ್ಲ, ತೀರಾ ಅಪರಿಚಿತರೂ ಅಲ್ಲ, ನಡುವಿನವರೇ ಹೆಚ್ಚು ನೆರವಾದವರು.

ಆರ್ಡರ್ ತರುವುದು ನೌಕರಿ ಹುಡುಕಿದಂತೆಯೇ ಎಂದು ನಾನು ಹೇಳುವುದಿಲ್ಲ. ಆದರೂ ದಾವಣಗೆರೆಯಂಥ ಊರಿನಲ್ಲಿ ಈ ಮಾತು ಇನ್ನೂ ಗಟ್ಟಿ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಪುಟಗಳಲ್ಲಿ ಎಲ್ಲೂ ಕಾಣದ ಜನರನ್ನು ನೋಡಿ: ಎರಡು ವರ್ಷದ ಹಿಂದೆ ಒಂದು ಆರ್ಡರ್ ಕೊಟ್ಟು ಮತ್ತೆ ಬಾರದ ಗಿರಾಕಿ, ನಿಮ್ಮ ಮಾಲು ಒಯ್ಯುವ ಟ್ರಾನ್ಸ್‌ಪೋರ್ಟಿನವರು, ಪೆಟ್ಟಿಗೆಯ ಮೇಲೆ ಮುದ್ರಿಸುವವರು, ಅಂಟು ಮತ್ತು ಸ್ಟಿಚಿಂಗ್ ತಂತಿ ಪೂರೈಸುವವರು, ನಿಮ್ಮ ಲೆಕ್ಕಪರಿಶೋಧಕರು. ಯಾವ ಗೋದಾಮಿನಲ್ಲಿ ಯಾರ ಪೆಟ್ಟಿಗೆ ಕುಸಿದು ಮಾಲು ಹಾಳಾಯಿತು ಎಂಬುದು ಮೊದಲು ಗೊತ್ತಾಗುವುದು ಟ್ರಾನ್ಸ್‌ಪೋರ್ಟ್ ಕಚೇರಿಯ ಗುಮಾಸ್ತನಿಗೆ, ವಾಣಿಜ್ಯ ಸಂಸ್ಥೆಯ ಅಧ್ಯಕ್ಷರಿಗಲ್ಲ. ಮುಂದಿನ ತಿಂಗಳು ಹೊಸ ಸಭೆಗೆ ಹೋಗುವ ಒಂದು ಬೆಳಗನ್ನು ಉಳಿಸಿ, ಇಂಥ ಹಳಬರಿಗೆ ಫೋನ್ ಮಾಡಿ. ‘ಆರ್ಡರ್ ಕೊಡಿ’ ಎನ್ನಬೇಡಿ. ಹಳೆಯ ಗಿರಾಕಿಯನ್ನು ‘ಅಂದು ಕೊಟ್ಟ ಪೆಟ್ಟಿಗೆ ಹೇಗೆ ಬಾಳಿತು’ ಎಂದು ಕೇಳಿ. ಅಷ್ಟು ಕೇಳಿದರೆ ಅವರು ಬೇರೆಯವರ ಹತ್ತಿರ ಹೋದ ಕಾರಣವನ್ನೂ ಹೇಳುತ್ತಾರೆ. ಕಹಿಯಾಗಿರಬಹುದು, ಕೇಳಿಸಿಕೊಳ್ಳಿ.

ಈಗ ರೆಫರಲ್ ಗುಂಪು. ಒಂದು ಕಸುಬಿಗೆ ಒಬ್ಬರೇ ಸದಸ್ಯರು, ಒಬ್ಬರಿಗೊಬ್ಬರು ವ್ಯಾಪಾರ ತೋರಿಸಿಕೊಡುವುದು ಎಂಬ ಪದ್ಧತಿ ಹೊಸದೇನಲ್ಲ. 1905ರ ಫೆಬ್ರುವರಿ 23ರಂದು ಷಿಕಾಗೊದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಪರಿಚಿತರನ್ನು ಸೇರಿಸಿಕೊಂಡು ರೋಟರಿ ಆರಂಭಿಸಿದಾಗ ಅದೂ ಹೆಚ್ಚು ಕಡಿಮೆ ಹೀಗೆಯೇ ಇತ್ತು. ಆ ನಾಲ್ವರಲ್ಲಿ ಒಬ್ಬರು ಕಲ್ಲಿದ್ದಲು ವ್ಯಾಪಾರಿ, ಒಬ್ಬರು ಗಣಿ ಎಂಜಿನಿಯರ್, ಒಬ್ಬರು ದರ್ಜಿ. ಒಂದು ವೃತ್ತಿಗೆ ಒಬ್ಬರೇ ಎಂಬ ನಿಯಮವಿತ್ತು. ಸದಸ್ಯರ ನಡುವೆ ನಡೆದ ವ್ಯಾಪಾರದ ಲೆಕ್ಕ ಇಡಲು ಒಬ್ಬ ಪದಾಧಿಕಾರಿಯೂ ಇದ್ದರು. ಸಮಾಜಸೇವೆ ಮುಂದೆ ಬಂದದ್ದು ಆಮೇಲೆ. ನನಗೆ ಇದರಲ್ಲಿ ಇಷ್ಟವಾಗುವ ಸಂಗತಿ ಬೇರೆ. ಸಭೆ ಒಂದೇ ಜಾಗದಲ್ಲಿ ನಡೆಯುತ್ತಿರಲಿಲ್ಲ, ಸರದಿಯಂತೆ ಒಬ್ಬೊಬ್ಬರ ಕೆಲಸದ ಜಾಗದಲ್ಲಿ ನಡೆಯುತ್ತಿತ್ತು. ಸಂಸ್ಥೆಗೆ ಹೆಸರು ಬಂದದ್ದೂ ಆ ಸರದಿಯಿಂದಲೇ. ಅಂದರೆ ಕಲ್ಲಿದ್ದಲು ವ್ಯಾಪಾರಿಯ ಕಸುಬು ಹೇಗಿದೆ ಎಂಬುದನ್ನು ಉಳಿದವರು ಕಣ್ಣಾರೆ ನೋಡುತ್ತಿದ್ದರು.

ನಿಮ್ಮ ಗುಂಪಿನವರು ನಿಮ್ಮ ಘಟಕಕ್ಕೆ ಬಂದಿದ್ದಾರೆಯೇ? ನಿಮ್ಮ ಪುಟಗಳನ್ನು ನೋಡಿದರೆ ಇಲ್ಲ ಎನಿಸುತ್ತದೆ. ಮೂರು ಪದರಕ್ಕೂ ಐದು ಪದರಕ್ಕೂ ವ್ಯತ್ಯಾಸ ಗೊತ್ತಿಲ್ಲದವರು, ರಟ್ಟು ಮಾಡುವ ಕ್ರಾಫ್ಟ್ ಕಾಗದದ ಉರುಳೆಯನ್ನು ಮುಟ್ಟಿ ನೋಡದವರು ನಿಮಗೆ ಯಾವ ಬಗೆಯ ಗಿರಾಕಿಯನ್ನು ತೋರಿಸಿಕೊಟ್ಟಾರು? ‘ಪೆಟ್ಟಿಗೆ ಮಾಡುತ್ತಾರೆ’ ಎಂದಷ್ಟೇ ಗೊತ್ತಿದ್ದರೆ ಮದುವೆಯ ಸಿಹಿ ಹಂಚಲು ಐವತ್ತು ಡಬ್ಬಿ ಬೇಕಾದವರನ್ನು ಕಳಿಸುತ್ತಾರೆ. ಅದನ್ನೂ ಒಂದು ರೆಫರಲ್ ಎಂದು ಬರೆದುಕೊಳ್ಳುತ್ತಾರೆ.

ಕಟ್ಟಬೇಕೋ ಬಿಡಬೇಕೋ ಎಂಬುದನ್ನು ಲೆಕ್ಕ ಹಾಕಿಯೇ ನಿರ್ಧರಿಸಿ, ಬೇಸರದಿಂದ ಬೇಡ. ವಾರ್ಷಿಕ ಶುಲ್ಕ, ಪ್ರತಿ ವಾರದ ತಿಂಡಿಯ ಖರ್ಚು, ಪೆಟ್ರೋಲ್, ಅದರ ಮೇಲೆ ನೀವು ಘಟಕದಲ್ಲಿ ಇಲ್ಲದ ಬೆಳಗಿನ ಹೊತ್ತಿನ ಬೆಲೆ. ಇನ್ನೊಂದು ಕಡೆ ಆ ಗುಂಪಿನಿಂದ ಬಂದ ಆರ್ಡರುಗಳ ಲಾಭ. ಮಾರಾಟದ ಮೊತ್ತವಲ್ಲ, ಲಾಭ. ಈ ಎರಡನೆಯ ಲೆಕ್ಕದಲ್ಲಿ ಜನ ತಮಗೆ ತಾವೇ ಸುಳ್ಳು ಹೇಳಿಕೊಳ್ಳುತ್ತಾರೆ: ಎರಡು ಲಕ್ಷದ ವ್ಯಾಪಾರ ಬಂತು ಎನ್ನುತ್ತಾರೆ, ಅದರಲ್ಲಿ ಕಾಗದದ ಗಿರಣಿಗೆ ಹೋದದ್ದೆಷ್ಟು ಎನ್ನುವುದಿಲ್ಲ. ಲೆಕ್ಕ ಹತ್ತಿರ ಹತ್ತಿರ ಸರಿಹೋದರೆ ಇನ್ನೊಂದು ವರ್ಷ ಕಟ್ಟಿ, ಆದರೆ ಮೊದಲ ಎರಡು ತಿಂಗಳಲ್ಲಿ ಅವರನ್ನೆಲ್ಲ ನಿಮ್ಮ ಘಟಕಕ್ಕೆ ಕರೆಸಿ. ಸರಿಹೋಗದಿದ್ದರೆ ಬಿಡಿ. ಬಿಟ್ಟರೆ ಪರಿಚಯ ಹೋಗುವುದಿಲ್ಲ. ಅಲ್ಲಿನ ನಾಲ್ಕೈದು ಒಳ್ಳೆಯವರು ಗುಂಪಿನ ಹೊರಗೂ ಒಳ್ಳೆಯವರಾಗಿಯೇ ಇರುತ್ತಾರೆ. ಶುಲ್ಕ ನಿಂತ ಕೂಡಲೇ ಮುಖ ತಿರುಗಿಸುವವರು ಇದ್ದರೆ, ಅದೂ ಗೊತ್ತಾಗಲಿ.

ವಾಣಿಜ್ಯ ಸಂಸ್ಥೆಯನ್ನು ಇದೇ ತಕ್ಕಡಿಯಲ್ಲಿ ತೂಗಬೇಡಿ. ಅವು ಹುಟ್ಟಿದ್ದು ಕಾರ್ಡ್ ಹಂಚಲಿಕ್ಕಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ, ಮೈಸೂರು ವಾಣಿಜ್ಯ ಮಂಡಳಿಯಾಗಿ ಆರಂಭವಾದದ್ದೇ ರಾಜ್ಯದ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಗಳ ಒಕ್ಕೂಟವಾದ ಇಂದಿನ ಎಫ್‌ಕೆಸಿಸಿಐ. ಸಣ್ಣ ಕೈಗಾರಿಕೆಗಳ ಕಾಸಿಯಾ 1949ರದು, ಮಹಿಳಾ ಉದ್ಯಮಿಗಳ ಅವೇಕ್ 1983ರದು. ಇವುಗಳ ಮುಖ್ಯ ಕೆಲಸ ಒಬ್ಬರೇ ಹೋಗಿ ಹೇಳಿದರೆ ಯಾರೂ ಕೇಳದ ಮಾತನ್ನು ಎಲ್ಲರ ಪರವಾಗಿ ಹೇಳುವುದು, ಎಲ್ಲರಿಗೂ ತಟ್ಟುವ ಸುದ್ದಿಯನ್ನು ಬೇಗ ತಲುಪಿಸುವುದು. ನಿಮ್ಮ ಕಸುಬಿನದೇ ಉದಾಹರಣೆ ಕೊಡುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ರಟ್ಟಿನ ಪೆಟ್ಟಿಗೆಯ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಅದೇ ದಿನ ಕ್ರಾಫ್ಟ್ ಕಾಗದದ ಮೇಲಿನ ತೆರಿಗೆ ಶೇ 12ರಿಂದ 18ಕ್ಕೆ ಏರಿತು. ನೂರು ರೂಪಾಯಿಯ ಕಾಗದ ಕೊಂಡಾಗ ನೀವು ಹದಿನೆಂಟು ರೂಪಾಯಿ ತೆರಿಗೆ ಕೊಡುತ್ತೀರಿ. ಅದರಿಂದಾದ ಪೆಟ್ಟಿಗೆಗಳನ್ನು ನೂರೈವತ್ತಕ್ಕೆ ಮಾರಿದರೆ ಗಿರಾಕಿಯಿಂದ ಬರುವ ತೆರಿಗೆ ಏಳೂವರೆ. ಉಳಿದ ಹತ್ತೂವರೆ ರೂಪಾಯಿ ನಿಮ್ಮದೇ, ಆದರೆ ಮರುಪಾವತಿಗೆ ಅರ್ಜಿ ಹಾಕಿ ಕಾಯಬೇಕು. ಅಷ್ಟು ದಿನ ಅದು ನಿಮ್ಮ ದುಡಿಯುವ ಬಂಡವಾಳದಿಂದ, ಅಂದರೆ ದಿನದ ವಹಿವಾಟಿಗೆ ಬೇಕಾದ ಹಣದಿಂದ, ಹೊರಗೆ. ನಿಮ್ಮ ಪುಟಗಳಲ್ಲಿ ‘ಈಚೆಗೆ ಕೈಯಲ್ಲಿ ದುಡ್ಡು ನಿಲ್ಲುತ್ತಿಲ್ಲ, ಖರ್ಚು ಕಡಿಮೆ ಮಾಡಬೇಕು’ ಎಂಬ ಸಾಲು ಎರಡು ಸಲ ಬಂದಿದೆ. ಖರ್ಚು ಹೆಚ್ಚಾಗದೆಯೂ ಹೀಗಾಗಬಹುದು. ಮರುಪಾವತಿ ಅರ್ಜಿ ಎಲ್ಲಿಗೆ ಬಂದಿದೆ ಎಂದು ಲೆಕ್ಕಪರಿಶೋಧಕರನ್ನು ಕೇಳಿದಿರಾ? ಇನ್ನೊಂದು ಪೆಟ್ಟಿಗೆ ಘಟಕದವರ ಜೊತೆ ಒಂದು ಲೋಟ ಚಹಾ ಕುಡಿದಿದ್ದರೆ ಈ ವಿಷಯ ಮೊದಲ ತಿಂಗಳಲ್ಲೇ ತಿಳಿಯುತ್ತಿತ್ತು.

ಅವರನ್ನು ಪ್ರತಿಸ್ಪರ್ಧಿ ಎಂದು ದೂರ ಇಟ್ಟಿದ್ದೀರಿ ಎಂದು ಊಹಿಸುತ್ತೇನೆ, ಏಕೆಂದರೆ ಮೂರು ತಿಂಗಳಲ್ಲಿ ಸ್ವಂತ ಕಸುಬಿನ ಒಬ್ಬರನ್ನೂ ನೀವು ಭೇಟಿಯಾಗಿಲ್ಲ. ನನ್ನ ದೃಷ್ಟಿಯಲ್ಲಿ ಸಂಪರ್ಕ ಬೇರೆ, ಬಳಗ ಬೇರೆ. ಒಳ್ಳೆಯ ಸುದ್ದಿ ಹೇಳಿಕೊಳ್ಳಲು ಸಂಪರ್ಕ ಸಾಕು. ಯಂತ್ರ ಕೆಟ್ಟು ನಾಳೆ ಮಾಲು ಕೊಡಬೇಕಾದಾಗ, ಗಿರಾಕಿ ಮೂರು ತಿಂಗಳಿಂದ ದುಡ್ಡು ಕೊಡದಿದ್ದಾಗ ಯಾರಿಗೆ ಫೋನ್ ಮಾಡುತ್ತೀರೋ ಅವರು ಬಳಗ. ಆ ಎರಡೂ ಹೊತ್ತಿನಲ್ಲಿ ಹೆಚ್ಚು ಉಪಯೋಗಕ್ಕೆ ಬರುವವರು ಸ್ವಂತ ಕಸುಬಿನವರೇ. ಅವರ ಯಂತ್ರದಲ್ಲಿ ನಿಮ್ಮ ಮಾಲು ಹೊಡೆಸಬಹುದು, ನಾಳೆ ಅವರದನ್ನು ನೀವು ಹೊಡೆದುಕೊಡಬಹುದು. ಯಾವ ಗಿರಾಕಿ ಎಷ್ಟು ದಿನಕ್ಕೆ ದುಡ್ಡು ಕೊಡುತ್ತಾನೆ ಎಂಬ ಸತ್ಯ ಅವರ ಬಳಿ ಇರುತ್ತದೆ. ಅದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಂದೂ ಬರುವುದಿಲ್ಲ, ಬರಲೂ ಬಾರದು. ಎದುರು ಬದುರು ಕೂತಾಗ ಮಾತ್ರ ಬರುತ್ತದೆ.

ಬಾಕಿಯ ವಿಚಾರ ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ನಿಮ್ಮ ಗುರಿಗಳಲ್ಲಿ ಮಾರಾಟ ಇದೆ, ವಸೂಲಿ ಇಲ್ಲ. ಉದ್ಯಮ್ ಎಂಬ ಸರ್ಕಾರಿ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಘಟಕ ಪೂರೈಸಿದ ಮಾಲಿಗೆ, ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಒಪ್ಪಂದ ಇದ್ದರೂ 45 ದಿನ ಮೀರದಂತೆ, ಕೊಂಡವರು ಹಣ ಕೊಡಬೇಕು ಎಂದು ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ 2006ರ ಕಾಯ್ದೆ ಹೇಳುತ್ತದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ದೂರು ಕೊಡಲು ಸೌಲಭ್ಯ ಮಂಡಳಿ ಇದೆ. ಆದಾಯ ತೆರಿಗೆಯಲ್ಲಿ 43ಬಿ(ಎಚ್) ಎಂದು ಹೆಸರಾದ, 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಗಡುವು ಮೀರಿ ಬಾಕಿ ಉಳಿಸಿಕೊಂಡ ಖರೀದಿದಾರರು ಆ ಮೊತ್ತವನ್ನು ಕೊಡುವವರೆಗೆ ಖರ್ಚೆಂದು ತೋರಿಸುವಂತಿಲ್ಲ. ಹಳೆಯ ಗಿರಾಕಿಯ ಮೇಲೆ ದೂರು ಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ, ಅದು ಸಹಜ. ಆದರೆ ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಮತ್ತು ಗಡುವಿನ ದಿನಾಂಕ ಅಚ್ಚು ಹಾಕಿಸಲು ಯಾರ ಸ್ನೇಹವೂ ಅಡ್ಡ ಬರುವುದಿಲ್ಲ. ದೊಡ್ಡ ಕಂಪನಿಗಳ ಲೆಕ್ಕ ವಿಭಾಗದವರು ಅದನ್ನು ನೋಡಿಯೇ ಬಿಲ್ಲುಗಳ ಸರದಿ ಇಡುತ್ತಾರೆ.

ಗುರಿಗಳು ತಿಂಗಳಿಂದ ತಿಂಗಳಿಗೆ ಸಾಗುತ್ತಿರುವುದಕ್ಕೆ ನಿಮ್ಮ ಸೋಮಾರಿತನ ಕಾರಣವಲ್ಲ. ತಿಂಗಳ ಅಳತೆಗೆ ಹೊಂದದ್ದನ್ನು ತಿಂಗಳ ಗುರಿ ಮಾಡಿದ್ದೀರಿ. ಬೀಜದ ಕಂಪನಿಯಂಥ ಗಿರಾಕಿಯ ವಿಚಾರವನ್ನೇ ನೋಡಿ. ಮಾದರಿ ಕೊಡಬೇಕು, ಅವರು ತುಂಬಿಸಿ ನೋಡಬೇಕು, ದರದ ಮಾತು ಆಗಬೇಕು, ಮೊದಲ ಸಣ್ಣ ಆರ್ಡರ್ ಬರಬೇಕು, ಅದರ ಹಣ ಬರಬೇಕು. ಎಲ್ಲ ಸರಾಗವಾಗಿ ನಡೆದರೂ ನಾಲ್ಕು ತಿಂಗಳು. ಅದರ ಮೇಲೆ ಅವರ ಹಂಗಾಮು ಬೇರೆ: ಮುಂಗಾರು ಬಿತ್ತನೆಯ ಬೀಜ ಅಂಗಡಿ ಸೇರುವುದು ಮೇ ತಿಂಗಳ ಹೊತ್ತಿಗೆ, ಪ್ಯಾಕಿಂಗ್ ಸಾಮಗ್ರಿಯ ತೀರ್ಮಾನ ಅದಕ್ಕಿಂತ ಬಹಳ ಮೊದಲು. ಸಿಹಿತಿಂಡಿಯವರದು ದೀಪಾವಳಿಯ ಲೆಕ್ಕ. ಹೀಗಿರುವಾಗ ‘ಈ ತಿಂಗಳು ಎರಡು ಹೊಸ ದೊಡ್ಡ ಗಿರಾಕಿ’ ಎಂದು ಬರೆದರೆ ಮೂವತ್ತನೆಯ ತಾರೀಖು ಸೋಲು ಖಚಿತ. ಹೊಸ ಗಿರಾಕಿ ಎಂಬುದು ವರ್ಷಕ್ಕೋ ಅರ್ಧ ವರ್ಷಕ್ಕೋ ಇಡುವ ಗುರಿ. ತಿಂಗಳಿಗೆ ಇಡಬೇಕಾದದ್ದು ನಿಮ್ಮ ಕೈಯಲ್ಲಿರುವ ಹೆಜ್ಜೆ: ಮಾದರಿ ಒಯ್ಯುವುದು, ಕೊಟೇಶನ್ ಕೊಡುವುದು, ಬಾಕಿ ಕೇಳುವುದು.

ಆ ಹೆಜ್ಜೆಗೂ ದಿನ, ಹೊತ್ತು, ಜಾಗ ಇರಲಿ. ಪೀಟರ್ ಗಾಲ್ವಿಟ್ಸರ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ ಮತ್ತು ಅವರ ಸಹೋದ್ಯೋಗಿ ಪ್ಯಾಸ್ಕಲ್ ಶೀರನ್ 94 ಪರೀಕ್ಷೆಗಳ ಫಲಿತಾಂಶ ಒಟ್ಟುಗೂಡಿಸಿ 2006ರಲ್ಲಿ ತೋರಿಸಿದ್ದು ಇದನ್ನೇ. ‘ಮಾಡಬೇಕು’ ಎಂದುಕೊಂಡವರಿಗಿಂತ ‘ಇಂಥ ಹೊತ್ತು ಬಂದಾಗ ಇಂಥದ್ದು ಮಾಡುತ್ತೇನೆ’ ಎಂದು ನಿಗದಿ ಮಾಡಿಕೊಂಡವರು ಗುರಿ ಮುಟ್ಟುವುದು ಗಮನಾರ್ಹವಾಗಿ ಹೆಚ್ಚು. ‘ಕಳಿಸಬೇಕು’ ಎಂಬ ನಿಮ್ಮ ಸಾಲಿಗೆ ಏನಾಯಿತು ಎಂಬುದನ್ನು ಈಗಾಗಲೇ ನೋಡಿದ್ದೇವೆ.

ನಿಮ್ಮ ಎರಡನೆಯ ಪುಟವನ್ನು ನಾನು ಬರೆದಿದ್ದರೆ ಸುಮಾರು ಹೀಗಿರುತ್ತಿತ್ತು:

‘ರಾಣೆಬೆನ್ನೂರು ಬೀಜ ಕಂಪನಿ, ಖರೀದಿ ವಿಭಾಗದವರು (ಹೆಸರು, ಫೋನ್). ಪರಿಚಯ ಮಾಡಿಸಿದವರು ಟ್ರಾನ್ಸ್‌ಪೋರ್ಟಿನವರು. 5 ಪ್ಲೈ ಮಾದರಿ ಕೇಳಿದ್ದಾರೆ. 7ನೇ ತಾರೀಖು ಮಂಗಳವಾರ ಹನ್ನೊಂದಕ್ಕೆ ನಾನೇ ಎರಡು ಬಗೆ ಒಯ್ಯುವುದು. ಕೇಳಬೇಕಾದದ್ದು: ಒಂದು ಪೆಟ್ಟಿಗೆಗೆ ಎಷ್ಟು ಕಿಲೊ, ಗೋದಾಮಿನಲ್ಲಿ ಎಷ್ಟು ಎತ್ತರಕ್ಕೆ ಪೇರಿಸುತ್ತಾರೆ, ಮಳೆಗಾಲದಲ್ಲಿ ಎಷ್ಟು ದಿನ ಇಡುತ್ತಾರೆ. ಹಳೆಯ ಬೇಕರಿ ಗಿರಾಕಿ: 52 ದಿನದ ಬಾಕಿ, 3ನೇ ತಾರೀಖು ನಾನೇ ಹೋಗಿ ಕೇಳುವುದು. ಮುದ್ರಣದವರು: ಅವರ ಅಳಿಯನಿಗೆ ಜಿಎಸ್‌ಟಿ ನೋಂದಣಿಗೆ ಯಾರಾದರೂ ಬೇಕಂತೆ, ನಮ್ಮ ಲೆಕ್ಕಪರಿಶೋಧಕರ ಫೋನ್ ಕೊಡುವುದು, ಇವತ್ತೇ. ಟ್ರಾನ್ಸ್‌ಪೋರ್ಟಿನವರಿಗೆ ಬೀಜದವರ ಭೇಟಿ ಏನಾಯಿತೆಂದು ತಿಳಿಸುವುದು.’

ಮಳೆಗಾಲದ ಪ್ರಶ್ನೆಯನ್ನು ಬಿಡಬೇಡಿ. ತೇವ ಕುಡಿದ ರಟ್ಟು ಮೇಲಿನ ಭಾರ ತಡೆಯುವುದಿಲ್ಲ ಎಂಬುದು ನಿಮಗೆ ಗೊತ್ತು, ಖರೀದಿ ವಿಭಾಗದವರಿಗೆ ಎಷ್ಟೋ ಸಲ ಗೊತ್ತಿರುವುದಿಲ್ಲ. ಆ ಪ್ರಶ್ನೆ ಕೇಳಿದವರು ಅವರಿಗೆ ದರ ಹೇಳಲು ಬಂದ ಇನ್ನೊಬ್ಬರಾಗಿ ಕಾಣುವುದಿಲ್ಲ. ಮೇಲಿನ ಪುಟದ ಕೊನೆಯ ಎರಡು ಸಾಲುಗಳಲ್ಲಿ ನಿಮಗೆ ಒಂದು ಪೈಸೆ ಆದಾಯವಿಲ್ಲ. ಆದರೆ ಪ್ರತಿ ತಿಂಗಳೂ ಅಂಥ ಸಾಲುಗಳು ಇರಬೇಕು. ಪರಿಚಯ ಮಾಡಿಸಿದವರಿಗೆ ಮುಂದೇನಾಯಿತು ಎಂದು ತಿಳಿಸುವವರು ಎಷ್ಟು ಕಡಿಮೆ ಎಂದರೆ, ತಿಳಿಸಿದವರನ್ನು ಜನ ನೆನಪಿಟ್ಟುಕೊಂಡು ಮತ್ತೊಬ್ಬರ ಹತ್ತಿರ ಕಳಿಸುತ್ತಾರೆ.

ಮಹಿಳಾ ಸಂಘದ ಬಗ್ಗೆ ನೀವು ಹೆಚ್ಚು ಬರೆದಿಲ್ಲ, ನಾನೂ ಒಂದೇ ಮಾತು ಹೇಳುತ್ತೇನೆ. ವಾಣಿಜ್ಯ ಸಂಸ್ಥೆಗಳಲ್ಲಿ ನಿಜವಾದ ಮಾತುಕತೆ ಸಭೆ ಮುಗಿದ ಮೇಲೆ, ರಾತ್ರಿ ಊಟದ ಹೊತ್ತಿನಲ್ಲಿ ಅಥವಾ ಪಾರ್ಕಿಂಗ್‌ನಲ್ಲಿ ನಿಂತು ನಡೆಯುತ್ತದೆ. ಮನೆಗೆ ಹೊರಡುವ ಆತುರದಲ್ಲಿರುವ ಮಹಿಳೆಯರಿಗೆ ಅದು ತಪ್ಪಿಹೋಗುತ್ತದೆ, ಇದು ನಿಮ್ಮ ಕೊರತೆಯಲ್ಲ. ಸಭೆಗೆ ಅರ್ಧ ಗಂಟೆ ಮೊದಲೇ ಹೋಗಿ. ಪದಾಧಿಕಾರಿಗಳು ಆಗ ಕೈ ಖಾಲಿ ಇರುತ್ತಾರೆ. ಅದಕ್ಕಿಂತ ಒಳ್ಳೆಯದು, ಮಾತನಾಡಬೇಕಾದವರನ್ನು ಮಾರನೆಯ ದಿನ ಹಗಲು ಅವರ ಕಚೇರಿಯಲ್ಲೇ ಕಾಣುವುದು. ಮಹಿಳಾ ಸಂಘದವರನ್ನು ಸನ್ಮಾನ ಸಮಾರಂಭ ಒಂದು ಕಡಿಮೆ ಮಾಡಿ ಬ್ಯಾಂಕ್ ವ್ಯವಸ್ಥಾಪಕರೊಬ್ಬರನ್ನು ಕರೆಸಿ ಎಂದು ಕೇಳಿ ನೋಡಿ. ದುಡಿಯುವ ಬಂಡವಾಳದ ಮಿತಿ ಹೇಗೆ ಲೆಕ್ಕ ಹಾಕುತ್ತಾರೆ ಎಂಬುದು ಶಾಲಿಗಿಂತ ಹೆಚ್ಚು ಜನರಿಗೆ ಬೇಕಾಗಿದೆ.

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡನ್ನು ಇಟ್ಟುಕೊಂಡು ಉಳಿದವನ್ನು ಮ್ಯೂಟ್ ಮಾಡಿ. ಶುಭೋದಯದ ಹೂಗುಚ್ಛದಿಂದ ಯಾರಿಗೂ ಆರ್ಡರ್ ಬಂದದ್ದು ನಾನು ಕಂಡಿಲ್ಲ.

ಕೊನೆಗೆ ಎದ್ದು ನಿಂತು ಮಾತನಾಡುವ ಮುಜುಗರ. ನೀವು ಕಳಿಸಿದ ಪರಿಚಯ ಭಾಷಣದಲ್ಲಿ ಗುಣಮಟ್ಟ, ಬದ್ಧತೆ, ಗ್ರಾಹಕ ತೃಪ್ತಿ ಎಲ್ಲ ಇವೆ. ಅದೇ ಮಾತುಗಳನ್ನು ನಿಮ್ಮ ಪಕ್ಕದಲ್ಲಿ ಕೂತ ಛಾಯಾಗ್ರಾಹಕರೂ ಹೇಳುತ್ತಾರೆ, ವಿಮಾ ಏಜೆಂಟರೂ ಹೇಳುತ್ತಾರೆ. ಇಂಥ ಮಾತಿಗೆ ಮುಜುಗರವಾಗುವುದೇ ಸರಿ. ಹೊಗಳಿಕೊಳ್ಳುವುದನ್ನು ಬಿಟ್ಟು ಕೆಲಸ ಹೇಳಿದರೆ ನಾಲಗೆ ತಡವರಿಸುವುದಿಲ್ಲ. ಹೀಗೆ ಹೇಳಿ ನೋಡಿ: ‘ದಾವಣಗೆರೆಯಲ್ಲಿ ರಟ್ಟಿನ ಪೆಟ್ಟಿಗೆ ಮಾಡುತ್ತೇನೆ. ಐನೂರು ಪೆಟ್ಟಿಗೆಯ ಸಣ್ಣ ಆರ್ಡರನ್ನೂ ತೆಗೆದುಕೊಳ್ಳುತ್ತೇನೆ, ಅಳತೆ ಸಿಕ್ಕ ನಾಲ್ಕನೆಯ ದಿನ ಮಾದರಿ ಕೊಡುತ್ತೇನೆ. ಸಾಗಣೆಯಲ್ಲಿ ಪೆಟ್ಟಿಗೆ ಕುಸಿದು ಮಾಲು ವಾಪಸು ಬರುತ್ತಿರುವವರು ನಿಮ್ಮ ಪರಿಚಯದಲ್ಲಿದ್ದರೆ ನನ್ನ ನಂಬರ್ ಕೊಡಿ.’ ಇಷ್ಟು ಹೇಳಿ ಕೂತುಬಿಡಿ. ನಾಲ್ಕನೆಯ ದಿನ ಎಂಬುದನ್ನು ಮಾತ್ರ ನಿಮ್ಮ ಘಟಕದಲ್ಲಿ ಡೈ ಕಟಿಂಗ್ (ಅಚ್ಚಿನಿಂದ ರಟ್ಟು ಕತ್ತರಿಸುವುದು) ಮಾಡುವವರನ್ನು ಕೇಳಿದ ಮೇಲೆಯೇ ಹೇಳಿ. ಅವರು ಆರು ದಿನ ಬೇಕು ಎಂದರೆ ಸಭೆಯಲ್ಲೂ ಆರೇ ಹೇಳಿ.